ಪದವಿಯಿಂದ ವೃತ್ತಿಗೆ: ಕೊನೆಯ ವರ್ಷದಲ್ಲೇ ಆಗಬೇಕಾದ ಸಿದ್ಧತೆ

ಉದ್ಯೋಗದ ಸಿದ್ಧತೆಯನ್ನು ಕೊನೆಯ ಪರೀಕ್ಷೆ ಮುಗಿಯುವವರೆಗೆ ಮುಂದೂಡದೆ, ಅದಕ್ಕೆ 9ರಿಂದ 12 ತಿಂಗಳು ಮುಂಚೆಯೇ ಆರಂಭಿಸುವುದು ಒಳಿತು. ಏಕೆಂದರೆ ಹಲವು ದೊಡ್ಡ ಸಂಸ್ಥೆಗಳು ಹೊಸ ಪದವೀಧರರ ಆಯ್ಕೆಯನ್ನು ಅಂತಿಮ ವರ್ಷ ಮುಗಿಯುವ ಮೊದಲೇ ನಡೆಸುತ್ತವೆ.

ಮೊದಲಿಗೆ ನೀವು ಈವರೆಗೆ ಮಾಡಿದ ಕೆಲಸಗಳನ್ನು ವಿವರವಾಗಿ ಬರೆದಿಡಿ. ‘ತಂಡದಲ್ಲಿ ಕೆಲಸ ಮಾಡಬಲ್ಲೆ’ ಎಂಬ ಸಾಲಿಗಿಂತ, ಒಂದು ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲಿಗೆ ಬಂದ ಭಾಗ ಯಾವುದು, ತೊಡಕು ಎಲ್ಲಿ ಎದುರಾಯಿತು, ಅದನ್ನು ಹೇಗೆ ಬಿಡಿಸಿದಿರಿ ಎಂಬ ವಿವರವೇ ಸಂದರ್ಶಕರಿಗೆ ನಿಮ್ಮನ್ನು ಸರಿಯಾಗಿ ಪರಿಚಯಿಸುತ್ತದೆ. ಸ್ವವಿವರವು ಒಂದೆರಡು ಪುಟ ಮೀರದಿರಲಿ. ಪ್ರತಿ ಹುದ್ದೆಗೂ ತಕ್ಕಂತೆ ಅದನ್ನು ತಿದ್ದಿಕೊಳ್ಳಿ. ಶಿಫಾರಸು ಪತ್ರ ನೀಡಬಲ್ಲ ಅಧ್ಯಾಪಕರನ್ನು, ಅವರ ನೆನಪಿನಲ್ಲಿ ನೀವಿನ್ನೂ ಹಸಿರಾಗಿರುವಾಗಲೇ, ಖುದ್ದಾಗಿ ಕಂಡು ಒಪ್ಪಿಗೆ ಪಡೆಯಿರಿ.

ನೇಮಕಾತಿ ಪತ್ರ ಕೈಸೇರಿದಾಗ ಸಂಬಳದ ಮೊತ್ತವನ್ನಷ್ಟೇ ನೋಡದೆ, ಪರೀಕ್ಷಾರ್ಥ ಅವಧಿ, ಕೆಲಸದ ವೇಳೆ, ರಜೆ, ರಾಜೀನಾಮೆಗೆ ನೀಡಬೇಕಾದ ಮುನ್ಸೂಚನೆಯ ಅವಧಿ ಇವೆಲ್ಲವನ್ನೂ ಓದಿ, ಅರ್ಥವಾಗದ್ದನ್ನು ಸಹಿ ಹಾಕುವ ಮುನ್ನವೇ ಕೇಳಿ. ಮೊದಲ ಸಂಬಳ ಬರುವವರೆಗಿನ ಖರ್ಚಿಗೂ ಹಣ ಹೊಂದಿಸಿಡಿ.

ನನ್ನ ದೃಷ್ಟಿಯಲ್ಲಿ ಅತ್ಯಂತ ಕಡೆಗಣಿತವಾದ ಬದಲಾವಣೆ ಬೇರೆಯೇ ಇದೆ. ವಿಶ್ವವಿದ್ಯಾಲಯದಲ್ಲಿ ಪಠ್ಯಕ್ರಮ ಮೊದಲೇ ನಿಗದಿಯಾಗಿರುತ್ತದೆ, ಅಂಕಗಳು ನಿಯತವಾಗಿ ಬರುತ್ತವೆ. ಕೆಲಸದಲ್ಲಿ ಹೇಗೆ ಸಾಗುತ್ತಿದ್ದೀರೆಂದು ಯಾರೂ ತಾವಾಗಿ ಹೇಳದಿರಬಹುದು. ಆದ್ದರಿಂದ ಮೊದಲ ತಿಂಗಳು ಮುಗಿಯುವಷ್ಟರಲ್ಲಿ ಮೇಲಧಿಕಾರಿಯ ಬಳಿ ಅರ್ಧ ಗಂಟೆಯ ಸಮಯ ಕೇಳಿ, ಯಾವುದನ್ನು ತಿದ್ದಿಕೊಳ್ಳಬೇಕೆಂದು ನೇರವಾಗಿ ವಿಚಾರಿಸಿ.