ಬೆಂಕಿಪೊಟ್ಟಣದಷ್ಟು ಜಾಗದಲ್ಲಿ 7 ಮೆಗಾಹರ್ಟ್ಸ್ ಫಿಲ್ಟರ್

ನನ್ನ 5 ವ್ಯಾಟಿನ ಹ್ಯಾಮ್ (ಹವ್ಯಾಸಿ ರೇಡಿಯೋ) ಟ್ರಾನ್ಸ್‌ಮಿಟರ್ 7 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಮಾತಾಡಬೇಕು. ಫಿಲ್ಟರ್ ಇಲ್ಲದಿದ್ದರೆ ಅದರ ಎರಡರಷ್ಟು, ಮೂರರಷ್ಟಾದ 14ರಲ್ಲೂ 21ರಲ್ಲೂ ಕೂಗುತ್ತದೆ. ಹಾಗಾಗಿ ಆಂಟೆನಾಗೆ ಮುಂಚೆ 7ನ್ನು ಬಿಟ್ಟು ಅದಕ್ಕಿಂತ ಮೇಲಿನವನ್ನು ತಡೆಯುವ ಒಂದು ಲೋ ಪಾಸ್ ಫಿಲ್ಟರ್ ಇರಲೇಬೇಕು.

ಬೇಕಾಗಿರುವುದು ಮೂರು ಕಾಯಿಲ್, ನಾಲ್ಕು ಕೆಪಾಸಿಟರ್, ಅಷ್ಟೆ. ಕಾಯಿಲ್‌ಗಳು ಸಾಲಾಗಿ ಬರುತ್ತವೆ. ಎರಡು ತುದಿಗಳಿಂದ ಗ್ರೌಂಡಿಗೆ 270 ಪಿಕೋಫ್ಯಾರಡ್, ಕಾಯಿಲ್‌ಗಳ ನಡುವಿನ ಎರಡು ಜಾಗಗಳಿಂದ 680. ಟ್ರಾನ್ಸ್‌ಮಿಟರ್, ಆಂಟೆನಾ ಎರಡೂ 50 ಓಮ್‌ನವು ಅಂತ ಹಿಡಿದ ಲೆಕ್ಕ ಇದು.

ಕಾಯಿಲ್‌ಗೆ ಟಿ37-6 ಅನ್ನುವ ಹಳದಿ ಟೊರಾಯ್ಡ್ (ತಂತಿ ಸುತ್ತುವ ಬಳೆ) ತಗೊಳ್ಳಿ. ಅಗಲ ಒಂದು ಸೆಂಟಿಮೀಟರೂ ಇಲ್ಲ. ಕಾಂತಕ್ಷೇತ್ರ ಬಳೆಯೊಳಗೇ ಉಳಿಯುವುದರಿಂದ ಪಕ್ಕಪಕ್ಕ ಕೂರಿಸಬಹುದು. ಫಿಲ್ಟರ್ ಚಿಕ್ಕದಾಗುವುದು ಇದರಿಂದಲೇ. ಆಚೀಚೆಯ ಎರಡಕ್ಕೆ 21 ಸುತ್ತು, ನಡುವಿನದಕ್ಕೆ 24. ತಂತಿ ತೂತಿನೊಳಗೆ ಒಮ್ಮೆ ಹಾದರೆ ಒಂದು ಸುತ್ತು. ಹೊರಗಡೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. 0.4 ಮಿಲಿಮೀಟರ್ ಎನಾಮಲ್ ತಂತಿಯನ್ನು ಹೂವಿನ ಹಾಗೆ ಮೊಳ ಹಾಕಿ ಕತ್ತರಿಸಿ. ಕಾಯಿಲ್‌ಗೆ ಒಂದು ಮೊಳ ಧಾರಾಳ. ತುದಿಯ ಎನಾಮಲ್ ಕೆರೆಯದೆ ಬೆಸುಗೆ ಹಾಕಬೇಡಿ.

ಇನ್ನು ಕೆಪಾಸಿಟರ್. ನಾನು ಎಡವಿದ್ದು ಇಲ್ಲೇ. ಮೊದಲ ಸಲ ಡಬ್ಬಿಯಲ್ಲಿ ಸಿಕ್ಕ ಮಾಮೂಲಿ ಸೆರಾಮಿಕ್ ಹಾಕಿದ್ದೆ. 5 ವ್ಯಾಟ್ ಒಳಗೆ ಹೋಗಿ 3 ವ್ಯಾಟ್ ಹೊರಗೆ ಬಂತು. ಬೆರಳಿಟ್ಟು ನೋಡಿದರೆ ಕೆಪಾಸಿಟರ್ ಬಿಸಿ! ಎನ್‌ಪಿಓ ಜಾತಿಯದೇ ಬೇಕು ಅಂತ ಅಂಗಡಿಯಲ್ಲಿ ಕೇಳಿ ತಗೊಳ್ಳಿ. ಬಿಸಿಯಾದರೂ ಅದರ ಪಿಕೋಫ್ಯಾರಡ್ ಹೆಚ್ಚುಕಮ್ಮಿ ಬದಲಾಗುವುದಿಲ್ಲ, ನಷ್ಟವೂ ಕಡಿಮೆ. 5 ವ್ಯಾಟಿಗೆ 50 ಓಮ್‌ನಲ್ಲಿ ಗರಿಷ್ಠ ವೋಲ್ಟೇಜ್ ಸುಮಾರು 22. ಆದರೂ ಆಂಟೆನಾ ಸರಿಯಾಗಿ ಹೊಂದದೇ ಇದ್ದರೆ ಅದು ಏರುತ್ತದೆ, ಅದಕ್ಕೇ ನಾನು 100 ವೋಲ್ಟಿನದು ಹಾಕುತ್ತೇನೆ.

ಬೋರ್ಡಿನ ಕೆಳಗಡೆ ತಾಮ್ರವನ್ನು ಪೂರ್ತಿ ಗ್ರೌಂಡ್ ಆಗಿ ಬಿಡಿ. ಕೆಪಾಸಿಟರ್ ಕಾಲು ಗಿಡ್ಡ ಇರಲಿ. ಇನ್‌ಪುಟ್ ಒಂದು ತುದಿಗೆ, ಔಟ್‌ಪುಟ್ ಇನ್ನೊಂದು ತುದಿಗೆ. ಜಾಗ ಉಳಿಸೋಣ ಅಂತ ಅವೆರಡನ್ನೂ ಒಂದೇ ಕಡೆ ತಂದರೆ ಸಿಗ್ನಲ್ ಫಿಲ್ಟರನ್ನೇ ಹಾರಿ ಆಚೆ ಹೋಗುತ್ತದೆ.

ಕೊನೆಗೆ ನ್ಯಾನೋ ವಿಎನ್‌ಎಗೆ ಸಿಕ್ಕಿಸಿ ನೋಡಿ. ಯಾವ ಆವರ್ತನದಲ್ಲಿ ಎಷ್ಟು ನಷ್ಟ ಅಂತ ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಪುಟ್ಟ ಅಳತೆ ಯಂತ್ರ ಅದು. 7.1ರಲ್ಲಿ ನಷ್ಟ ಅರ್ಧ ಡೆಸಿಬೆಲ್‌ಗಿಂತ (ಡಿಬಿ) ಕಡಿಮೆ ಇರಬೇಕು, 14.2ರಲ್ಲಿ ಸುಮಾರು 35 ಡಿಬಿ ಇಳಿದಿರಬೇಕು. 7ರ ಹತ್ತಿರವೇ ಗೆರೆ ಬಾಗಲು ಶುರುವಾದರೆ ಸುತ್ತುಗಳನ್ನು ಉಗುರಿನಿಂದ ಸ್ವಲ್ಪ ಅಗಲಿಸಿ. 14ರಲ್ಲಿ ಇಳಿತ ಸಾಲದಿದ್ದರೆ ಒತ್ತಿ ಹತ್ತಿರ ತನ್ನಿ. ಸರಿಹೋದ ಮೇಲೆ ಸುತ್ತು ಕದಲದ ಹಾಗೆ ಒಂದು ತೊಟ್ಟು ನೇಲ್ ಪಾಲಿಶ್ ಹಚ್ಚಿ. ಮನೆಯವರನ್ನು ಕೇಳಿಯೇ ತಗೊಳ್ಳಿ, ನಾನು ಕೇಳಿರಲಿಲ್ಲ.