ಹೆಸರಾಂತ ಭಾಷಣವನ್ನು ಸ್ಪರ್ಧೆಗೆ ಸಿದ್ಧಪಡಿಸುವುದು ಹೇಗೆ?

ಕಲಬುರಗಿ ಕಡೆ ಆಗಸ್ಟ್ 15, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 26ರ ಸಂವಿಧಾನ ದಿನ ಬಂತೆಂದರೆ ಭಾಷಣ ಸ್ಪರ್ಧೆಗಳು ಶುರು. ಮಹನೀಯರ ಭಾಷಣವನ್ನು ಆಡಿತೋರಿಸಿ ವಿಶ್ಲೇಷಣೆಯನ್ನೂ ಮಾಡಬೇಕಾದ ಕಡೆ ಮಕ್ಕಳು ಮೊದಲು ಬಾಯಿಪಾಠ ಮಾಡಿ, ಆಮೇಲೆ ಅರ್ಥ ಹುಡುಕುತ್ತಾರೆ. ದನಿ ಸುಳ್ಳಾಗುವುದು ಅಲ್ಲೇ. ಮೊದಲು ಅರ್ಥವಾಗಲಿ.

ಆಯ್ಕೆಯಿಂದ ಹೊರಡೋಣ. 1893ರ ಸೆಪ್ಟೆಂಬರ್ 11ರ ವಿವೇಕಾನಂದರ ಷಿಕಾಗೊ ಭಾಷಣ ಚಿಕ್ಕದು, ಇಡೀ ಹೇಳಬಹುದು. ಆದರೆ ಅದರ ಮೊದಲ ಸಾಲನ್ನು ನಿರ್ಣಾಯಕರು ಅದೆಷ್ಟು ಸಲ ಕೇಳಿರುತ್ತಾರೋ. ವಿಶ್ಲೇಷಣೆಗೆ ಹೆಚ್ಚು ಜಾಗವಿರುವುದು 1949ರ ನವೆಂಬರ್ 25ರಂದು ಡಾ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ. ಮರುದಿನವೇ ಸಂವಿಧಾನ ಅಂಗೀಕಾರವಾಯಿತು.

ಅದು ಉದ್ದದ ಭಾಷಣ, ಕತ್ತರಿಸಲೇಬೇಕು. ಐದು ನಿಮಿಷ ಕೊಟ್ಟಿದ್ದರೆ ಮೂರು ನಿಮಿಷ ಭಾಷಣಕ್ಕೆ, ಎರಡು ವಿಶ್ಲೇಷಣೆಗೆ. ವೇದಿಕೆಯ ಮೇಲೆ ನಿಮಿಷಕ್ಕೆ 80ರಿಂದ 90 ಪದ ಸಾಕು; ಮೌನಕ್ಕೂ ಜಾಗ ಬೇಕಾದ್ದರಿಂದ ಮೂರು ನಿಮಿಷಕ್ಕೆ 220 ಪದ ದಾಟಬೇಡಿ. ಅಲ್ಲೊಂದು ಇಲ್ಲೊಂದು ಸಾಲು ಹೆಕ್ಕಿದರೆ ವಾದ ಮುರಿಯುತ್ತದೆ. ಒಂದೇ ವಾದದ ತುಣುಕು ತೆಗೆದುಕೊಳ್ಳಿ. ಮೂಲ ಇಂಗ್ಲಿಷಿನಲ್ಲಿದೆ, ಅನುವಾದವನ್ನು ಗಟ್ಟಿಯಾಗಿ ಓದಿ, ಒಂದೇ ಉಸಿರಿಗೆ ನಿಲುಕದ ವಾಕ್ಯವನ್ನು ಎರಡು ಮಾಡಿ.

ಈ ತುಣುಕನ್ನೇ ನೋಡಿ: 1950ರ ಜನವರಿ 26ರಂದು ನಾವು ವೈರುಧ್ಯಗಳ ಬದುಕಿಗೆ ಕಾಲಿಡುತ್ತಿದ್ದೇವೆ. ರಾಜಕೀಯದಲ್ಲಿ ಸಮಾನತೆ ಇರುತ್ತದೆ. ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ.

ಇಲ್ಲಿ ಇಡೀ ವಾದ ಒಂದು ‘ಅ’ಕಾರದ ಮೇಲೆ ನಿಂತಿದೆ. ‘ಬದುಕಿನಲ್ಲಿ ಅಸಮಾನತೆ’ ಎಂಬುದನ್ನು ಓಡಿಸಿದರೆ ಆ ‘ಅ’ ಹಿಂದಿನ ‘ಲ್ಲಿ’ಯಲ್ಲಿ ಕರಗಿ, ಕೇಳುವವರಿಗೆ ಎರಡು ಸಲವೂ ‘ಸಮಾನತೆ’ ಅಂತಲೇ ಬೀಳುತ್ತದೆ. ‘ಬದುಕಿನಲ್ಲಿ’ ಆದಮೇಲೆ ಅರೆಕ್ಷಣ ನಿಲ್ಲಿ, ‘ಅ’ವನ್ನು ಒತ್ತಿ. ಕೂಗುವುದು ಬೇಡ. ಇದಾದ ಸ್ವಲ್ಪದರಲ್ಲೇ, ಈ ವೈರುಧ್ಯದ ಬದುಕನ್ನು ಇನ್ನೆಷ್ಟು ಕಾಲ ನಡೆಸುತ್ತೇವೆ ಎಂಬ ಪ್ರಶ್ನೆ ಬರುತ್ತದೆ. ಅದನ್ನು ದನಿ ಇಳಿಸಿ, ಸಭೆಯನ್ನು ನೋಡುತ್ತ ಕೇಳಿ. ಎರಡು ಸೆಕೆಂಡು ಸುಮ್ಮನಿರಿ. ಬೆರಳೆತ್ತಿ ಗುಡುಗಿದರೆ ಎಚ್ಚರಿಕೆ ಹೋಗಿ ಬೈಗುಳವಾಗುತ್ತದೆ.

ಕನ್ನಡದಲ್ಲಿ ಕ್ರಿಯಾಪದವೂ ‘ಇಲ್ಲ’ವೂ ಬರುವುದು ವಾಕ್ಯದ ತುದಿಗೆ. ಉಸಿರು ಅಲ್ಲಿಗೆ ಮುಗಿದರೆ ‘ಒಪ್ಪುವುದಿಲ್ಲ’ ಎಂಬುದರಲ್ಲಿ ‘ಒಪ್ಪುವುದು’ ಮಾತ್ರ ಕೇಳಿಸೀತು. ಫ್ಯಾನು ಜೋರಾಗಿ ತಿರುಗುವ ಸಭಾಂಗಣದಲ್ಲಿ ಇದು ಇನ್ನೂ ಹೆಚ್ಚು. ಪ್ರತಿಯಲ್ಲಿ ಉಸಿರಿನ ಜಾಗಕ್ಕೆ ಗೆರೆ ಎಳೆದುಕೊಂಡು, ಆ ಗೆರೆಗಳ ಸಮೇತ ಕಲಿಯಿರಿ. ಮೈಕಿಗೂ ಬಾಯಿಗೂ ಒಂದು ಗೇಣು ಅಂತರವಿರಲಿ, ಇಲ್ಲದಿದ್ದರೆ ‘ಪ’, ‘ಭ’ ಢಬ್ಬೆನ್ನುತ್ತವೆ.

ನಮ್ಮ ಕಡೆ ಮಾತಿನಲ್ಲಿ ‘ಮನೆ’ ‘ಮನಿ’ಯಾಗುತ್ತದೆ, ‘ಇದೆ’ ‘ಅದ’ ಆಗುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ವಿಶ್ಲೇಷಣೆಯನ್ನು ನಿಯಮ ಅಡ್ಡಬರದಿದ್ದರೆ ನಮ್ಮ ಮಾತಿನಲ್ಲೇ ಹೇಳಬಹುದು. ಆದರೆ ಭಾಷಣದ ಭಾಗ ಗ್ರಂಥಭಾಷೆಯಲ್ಲಿದ್ದರೆ ಕೊನೆತನಕ ಹಾಗೇ ಇರಲಿ, ನಡುವೆ ಜಾರಿದರೆ ಕೇಳುವವರ ಗಮನ ಅತ್ತ ಹೋಗುತ್ತದೆ. ‘ಸಂವಿಧಾನ’ದ ‘ಧಾ’ ಮಾತ್ರ ಎಂದೂ ‘ದಾ’ ಆಗಬಾರದು.

ಕೋಟು, ಕನ್ನಡಕ, ದನಿಯ ಅನುಕರಣೆ ಬೇಡ. ವೇಷ ಕಂಡಷ್ಟು ವಾದ ಕಾಣುವುದಿಲ್ಲ.

ವಿಶ್ಲೇಷಣೆಯಲ್ಲಿ ಜೀವನಚರಿತ್ರೆ ಹೇಳುತ್ತ ಕೂತರೆ ಎರಡು ನಿಮಿಷ ಹಾಗೇ ಹೋಗುತ್ತದೆ. ಯಾರ ಮುಂದೆ ಹೇಳಿದರು, ಅವರಿಂದ ಏನನ್ನು ಬಯಸಿದರು, ಅದಕ್ಕೆ ಯಾವ ತಂತ್ರ ಬಳಸಿದರು, ಇಷ್ಟನ್ನು ಹೇಳಿ. ಮೇಲಿನ ತುಣುಕಿನಲ್ಲಿ ತಂತ್ರವೆಂದರೆ ಎದುರುಬದುರು ಇಟ್ಟ ಎರಡು ವಾಕ್ಯ, ಮೇಲೊಂದು ಪ್ರಶ್ನೆ. ‘ಇದಕ್ಕೂ ನಿಮ್ಮೂರಿಗೂ ಏನು ಸಂಬಂಧ?’ ಎಂದು ನಿರ್ಣಾಯಕರು ಕೇಳಿದರೆ ತಡಬಡಾಯಿಸಬೇಕಿಲ್ಲ: ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿ, ಬೀದರ್ ಸೀಮೆ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದದ್ದು 1948ರ ಸೆಪ್ಟೆಂಬರ್ 17ರಂದು. ಆ ಭಾಷಣ ನಡೆದಾಗ ಇಲ್ಲಿಯ ಜನರಿಗೆ ಆ ಬಿಡುಗಡೆ ಇನ್ನೂ ಹದಿನಾಲ್ಕು ತಿಂಗಳ ಹಿಂದಿನ ಮಾತು.