ತೋಟದ ಮನೆಯ ಹಿರಿಯರಿಗೆ ಸ್ಮಾರ್ಟ್ ವಾಚ್: ಬಿದ್ದರೆ ಕರೆ ಹೋಗುವಂತೆ ಮಾಡುವುದು ಹೇಗೆ?

ಕೊಡಗಿನ ತೋಟದ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ ಇದ್ದು ಮಕ್ಕಳು ಬೆಂಗಳೂರಿನಲ್ಲಿದ್ದರೆ, ಬಿದ್ದದ್ದನ್ನು ಗುರುತಿಸುವ ವಾಚ್ ದೊಡ್ಡ ಆಸರೆ. ಆದರೆ ಇಲ್ಲಿ ಮೊದಲು ಕೈಕೊಡುವುದು ಸಿಗ್ನಲ್. ಹಾಗಾಗಿ ಕೊಳ್ಳುವ ಮುನ್ನವೇ ಅವರ ಫೋನ್ ಹಿಡಿದು ಬಚ್ಚಲು, ಕೊಟ್ಟಿಗೆ, ಕಾಫಿ ಕಣ, ಪಂಪ್‌ಹೌಸ್ ಎಲ್ಲ ಕಡೆಯಿಂದಲೂ ಒಂದೊಂದು ಕರೆ ಮಾಡಿ ನೋಡಿ.

ವಾಚಿನ ಸೆನ್ಸರ್‌ಗಳು ಕೈಯ ವೇಗ, ತಿರುವು, ಬಡಿದ ಪೆಟ್ಟು ಇವನ್ನು ಅಳೆಯುತ್ತವೆ. ಬೀಳುವ ಚಲನೆ ಹೇಗಿರುತ್ತದೆಂದು ಮೊದಲೇ ಕಲಿತಿರುವ ಎಐ ಅದರೊಂದಿಗೆ ತಾಳೆ ನೋಡುತ್ತದೆ. ಗೋಡೆಗೆ ಒರಗಿ ಮೆಲ್ಲಗೆ ಕುಸಿದರೆ ಅದಕ್ಕೆ ತಿಳಿಯದೇ ಹೋಗಬಹುದು. ಸೌದೆ ಒಡೆಯುವಾಗ ಸುಮ್ಮನೆ ಕೂಗಬಹುದು. ಕತ್ತಿ ಹಿಡಿಯದ ಕೈಗೆ ಕಟ್ಟಿದರೆ ಈ ಕಾಟ ಕಡಿಮೆ.

ಹೊಂದಿಸುವಾಗ ಹುಟ್ಟಿದ ದಿನಾಂಕ ಸರಿಯಾಗಿ ತುಂಬಿ. ಆಪಲ್ ವಾಚ್‌ನಲ್ಲಿ 55 ತುಂಬಿದವರಿಗೆ ಈ ಸೌಲಭ್ಯ ತಾನಾಗಿಯೇ ಆನ್ ಆಗುತ್ತದೆ. ಬೇರೆ ವಾಚುಗಳಲ್ಲಿ ಸೆಟ್ಟಿಂಗ್ಸ್‌ನಲ್ಲಿ ನೋಡಿ ಆನ್ ಮಾಡಿ. ಸಿಮ್ ಇಲ್ಲದ ವಾಚ್ ಫೋನಿನ ಮೂಲಕವೇ ಕರೆ ಮಾಡಬೇಕು. ಬ್ಲೂಟೂತ್ ಸುಮಾರು 10 ಮೀಟರ್, ದಪ್ಪ ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ತೋಟಕ್ಕೆ ಇಳಿಯುವಾಗ ಫೋನ್ ಜೇಬಿನಲ್ಲೇ ಇರಲಿ. ಬಚ್ಚಲಲ್ಲಿ ಜಾರುವುದೇ ಹೆಚ್ಚು, ಆದ್ದರಿಂದ ನೀರು ತಡೆಯುವ ವಾಚನ್ನೇ ಕೊಳ್ಳಿ, ಸ್ನಾನಕ್ಕೂ ತೆಗೆಯುವುದು ಬೇಡ. ಟಿವಿ ನೋಡುವ ಹೊತ್ತಿನಲ್ಲಿ ಚಾರ್ಜ್‌ಗೆ ಹಾಕಿದರಾಯಿತು.

ಮೊಬೈಲ್ ಸಿಗ್ನಲ್ ಇಲ್ಲದ ಮನೆಯಲ್ಲಿ ಫೋನಿನ ವೈ-ಫೈ ಕಾಲಿಂಗ್ ಆನ್ ಮಾಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ರೌಟರ್ ಸಾಯುತ್ತದೆ, ಕರೆಯೂ ಸಾಯುತ್ತದೆ. ರೌಟರ್, ಫೈಬರ್ ಡಬ್ಬಿ ಎರಡನ್ನೂ ಇನ್ವರ್ಟರ್‌ಗೆ ಸೇರಿಸಿ, ಮೇನ್ ಸ್ವಿಚ್ ಆಫ್ ಮಾಡಿ ಒಮ್ಮೆ ಕರೆ ಮಾಡಿ ನೋಡಿ. ಒಂದನ್ನು ಮರೆತರೂ ಇಂಟರ್ನೆಟ್ ಇರುವುದಿಲ್ಲ. ಲೈನೂ ತುಂಡಾಗಿ ಟವರೂ ನಿಂತ ದಿನ ವಾಚಿನಿಂದ ಕರೆ ಹೋಗದು. ಆ ದಿನಗಳಲ್ಲಿ ಬೆಳಿಗ್ಗೆ, ಸಂಜೆ ತೋಟದ ಕೆಲಸಗಾರರಿರುವ ಲೈನ್ ಮನೆಯಿಂದ ಒಬ್ಬರು ಬಂದು ವಿಚಾರಿಸಿಕೊಂಡು ಹೋಗಲಿ.

ನಾಡಿಬಡಿತ ಏರುಪೇರಾದ ಎಚ್ಚರಿಕೆ ಬಂದರೆ ವೈದ್ಯರಿಗೆ ತೋರಿಸಿ, ಆದರೆ ಹೃದಯಾಘಾತವನ್ನು ವಾಚ್ ಗುರುತಿಸುವುದಿಲ್ಲ. ಎದೆನೋವು, ತಣ್ಣನೆಯ ಬೆವರು ಬಂದರೆ ವಾಚ್ ಏನೇ ತೋರಿಸಲಿ, 108ಕ್ಕೆ ಕರೆ ಮಾಡಿ. ಚಳಿಗೆ ಕೈ ತಣ್ಣಗಿದ್ದಾಗ ಆಮ್ಲಜನಕದ ಅಂಕಿ ತಪ್ಪಾಗಿ ಕಡಿಮೆ ಬರುವುದುಂಟು. ಉಸಿರಾಟ ಸರಾಗವಾಗಿದ್ದರೆ ಕೈ ಬೆಚ್ಚಗೆ ಮಾಡಿಕೊಂಡು, ಪಟ್ಟಿ ಬಿಗಿಯಾಗಿದೆಯೇ ನೋಡಿ ಮತ್ತೆ ಅಳೆಯಿರಿ.

ತುರ್ತು ನಂಬರುಗಳಲ್ಲಿ ನಿಮ್ಮದು ಮೊದಲನೆಯದಾಗುವುದು ಬೇಡ. ಬೆಂಗಳೂರಿನಿಂದ ಬರಲು ಐದಾರು ಗಂಟೆ ಬೇಕು. ಪಕ್ಕದ ತೋಟದವರೋ ತೋಟದ ಕೆಲಸ ನೋಡಿಕೊಳ್ಳುವ ರೈಟರೋ ಮೊದಲಿರಲಿ. ಗೇಟಿನ ಬೀಗದ ಇನ್ನೊಂದು ಕೀ ಅವರ ಬಳಿ ಇರಬೇಕು, ಮನೆಯ ನಾಯಿಗೂ ಅವರ ಗುರುತಿರಬೇಕು. ವಾಚಿನ ತುರ್ತು ಕರೆಯ ಬಟನ್ (ಎಸ್‌ಒಎಸ್) ಪರೀಕ್ಷಿಸುವ ಮುನ್ನ ಕರೆ ಯಾವ ನಂಬರಿಗೆ ಹೋಗುತ್ತದೆಂದು ನೋಡಿಕೊಳ್ಳಿ. ಕೆಲವು ವಾಚುಗಳು ನೇರ 112ಕ್ಕೆ ಹೋಗುತ್ತವೆ, ಅಂಥದ್ದನ್ನು ಪೂರ್ತಿ ಒತ್ತಿ ನೋಡಬೇಡಿ.